ಮನೆಯ ಓವನ್‌ನಲ್ಲಿ ಇಡೀ ಟರ್ಕಿ ಕೋಳಿ: ಕರಾವಳಿಯ ಅಡುಗೆಮನೆಗೊಂದು ಮಾರ್ಗದರ್ಶಿ

ಮಂಗಳೂರಿನ ಕ್ರೈಸ್ತ ಮನೆಗಳಲ್ಲಿ ಕ್ರಿಸ್ಮಸ್ ಮಧ್ಯಾಹ್ನದ ಊಟವೆಂದರೆ ಹಂದಿ ಬಫಾತ್ ಎಂಬ ಮಸಾಲೆ ಸಾರು ಮತ್ತು ಸನ್ನ ಎಂಬ, ಹಬೆಯಲ್ಲಿ ಬೇಯಿಸಿದ ಅಕ್ಕಿಯ ತಿಂಡಿ. ಅದನ್ನು ಬದಲಿಸಬೇಕೆಂದು ಹೇಳುವುದು ಈ ಲೇಖನದ ಉದ್ದೇಶವಲ್ಲ. ಆದರೆ ಹೊರದೇಶದಲ್ಲಿ ದುಡಿಯುವ ಮಕ್ಕಳು ರಜೆಗೆ ಬರುವ ಮನೆಗಳಲ್ಲಿ, ಅದರ ಜೊತೆಗೆ ಒಂದು ಇಡೀ ಟರ್ಕಿ ಕೋಳಿಯನ್ನು ರೋಸ್ಟ್ ಮಾಡಿ ಮೇಜಿನ ನಡುವೆ ಇಡುವ ಆಸೆ ಈಚೆಗೆ ಕಾಣಿಸಿಕೊಂಡಿದೆ. ಹಾಗೆ ಆಸೆಪಟ್ಟು ಮಾಡಿದವರಲ್ಲಿ ಅನೇಕರು ಹೇಳುವ ಮಾತು ಒಂದೇ: ನೋಡಲು ಚೆನ್ನಾಗಿತ್ತು, ತಿನ್ನಲು ಒಣಕಲಾಗಿತ್ತು. ನಮ್ಮ ಮನೆಯ ಮೊದಲ ಟರ್ಕಿಯೂ ಹಾಗೆಯೇ ಆಗಿತ್ತು. ಅಂದಿನಿಂದ ಪ್ರತಿವರ್ಷವೂ ಮಾಡುತ್ತ, ತಪ್ಪು ಎಲ್ಲಿ ಆಗುತ್ತದೆ ಎಂಬುದನ್ನು ಒಂದೊಂದಾಗಿ ಗುರುತಿಸುತ್ತ ಬಂದ ಮೇಲೆ ನನಗೆ ಖಚಿತವಾದದ್ದು ಇಷ್ಟು: ಒಣಗುವುದು ಆ ಹಕ್ಕಿಯ ಗುಣವಲ್ಲ, ಹಬ್ಬದ ದಿನ ಬೆಳಿಗ್ಗೆ ಮಾತ್ರ ಅದರ ಕಡೆ ನೋಡುವುದರ ಫಲ. ಟರ್ಕಿಯ ಕೆಲಸ ಐದು ದಿನ ಮೊದಲೇ ಆರಂಭವಾಗಬೇಕು, ಮತ್ತು ಕೊನೆಯಲ್ಲಿ ಬೆಂದಿತೇ ಎಂಬ ಪ್ರಶ್ನೆಗೆ ಉತ್ತರವನ್ನು ಗಡಿಯಾರದಿಂದಲ್ಲ, ಥರ್ಮಾಮೀಟರಿನಿಂದ ಪಡೆಯಬೇಕು.

ನಮ್ಮ ಕಡೆ ರೋಸ್ಟ್ ಎಂದ ಕೂಡಲೇ ಕುಂದಾಪುರದ ಘೀ ರೋಸ್ಟ್ ನೆನಪಾಗುವುದು ಸಹಜ. ಅದರಲ್ಲಿ ತುಂಡು ಮಾಡಿದ ಕೋಳಿಯನ್ನು ತುಪ್ಪದ ಮಸಾಲೆಯಲ್ಲಿ ಬಾಣಲೆಯಲ್ಲಿ ಬೇಯಿಸುತ್ತೇವೆ. ಮಸಾಲೆಯ ತೇವವೇ ಮಾಂಸವನ್ನು ಕಾಪಾಡುತ್ತದೆ, ಹತ್ತು ನಿಮಿಷ ಹೆಚ್ಚು ಬೆಂದರೂ ನಷ್ಟವಿಲ್ಲ. ಓವನ್‌ನ ರೋಸ್ಟ್ ಒಣ ಶಾಖದ ಅಡುಗೆ. ಅಲ್ಲಿ ಮಾಂಸದೊಳಗಿನ ನೀರನ್ನು ಬಿಟ್ಟರೆ ಬೇರೆ ತೇವವಿಲ್ಲ, ಅದು ಒಮ್ಮೆ ಹೊರಟುಹೋದರೆ ಮರಳಿ ಬರುವುದೂ ಇಲ್ಲ. ಇದರ ಮೇಲೆ ಟರ್ಕಿಯ ಮೈಯಲ್ಲಿಯೇ ಒಂದು ತೊಡಕಿದೆ. ಸದಾ ನಡೆದಾಡುವ ಹಕ್ಕಿಯಾದ್ದರಿಂದ ಅದರ ಕಾಲು ಮತ್ತು ತೊಡೆಗಳಲ್ಲಿ ಮಾಂಸವನ್ನು ಬಿಗಿಯಾಗಿ ಕಟ್ಟಿಹಿಡಿಯುವ ಕೊಲಾಜೆನ್ ಎಂಬ ಅಂಶ ಹೆಚ್ಚಿದ್ದು, ಅದು 70 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ನಿಧಾನವಾಗಿ ಕರಗಿ, 80ರ ಹತ್ತಿರ ಬಂದಾಗ ಮಾಂಸ ಮೆತ್ತಗಾಗುತ್ತದೆ. ಎದೆಯ ಬಿಳಿಮಾಂಸದಲ್ಲಿ ಕೊಬ್ಬೂ ಕೊಲಾಜೆನ್ನೂ ಕಡಿಮೆ. ಅದು 74 ಡಿಗ್ರಿಗೆ ಹದವಾಗಿ ಬೆಂದಿರುತ್ತದೆ, ಅಲ್ಲಿಂದ ಮುಂದೆ ಹೋದಂತೆ ಹಿಂಡಿದ ಬಟ್ಟೆಯಂತೆ ನೀರನ್ನು ಬಿಡುತ್ತ ಹೋಗುತ್ತದೆ. ಒಂದೇ ಓವನ್‌ನಲ್ಲಿ, ಒಂದೇ ಹೊತ್ತಿಗೆ, ಎದೆ 74ಕ್ಕೂ ತೊಡೆ 80ರ ಆಸುಪಾಸಿಗೂ ಬರುವಂತೆ ಮಾಡುವುದೇ ಈ ಅಡುಗೆಯ ನಿಜವಾದ ಕೆಲಸ. ಮುಂದೆ ಹೇಳುವ ಪ್ರತಿಯೊಂದು ಹಂತವೂ ಇದಕ್ಕಾಗಿಯೇ.

ಹಕ್ಕಿಯನ್ನು ಆರಿಸುವುದು

ನಾಲ್ಕೂವರೆಯಿಂದ ಐದು ಕಿಲೋ ತೂಗುವ ಹಕ್ಕಿಯನ್ನೇ ಕೊಳ್ಳಿರಿ. ತಲೆಗೆ ಸುಮಾರು ಅರ್ಧ ಕಿಲೋ ಎಂದು ಲೆಕ್ಕ ಹಾಕಿದರೆ ಎಂಟರಿಂದ ಹತ್ತು ಮಂದಿಗೆ ಅದು ಸಾಕು. ಬಫಾತ್, ಸನ್ನ, ಪಲಾವ್ ಎಲ್ಲವೂ ಇರುವ ಮೇಜಿನಲ್ಲಿ ಹದಿನೈದು ಮಂದಿಗೂ ಆದೀತು. ಎಂಟು ಕಿಲೋದ ಗಂಡು ಹಕ್ಕಿ ನೋಡಲು ಗಂಭೀರವಾಗಿದ್ದರೂ ನಮ್ಮ ಮನೆಗಳ ಓಟಿಜಿಗಳಲ್ಲಿ (ಕಟ್ಟೆಯ ಮೇಲಿಡುವ ವಿದ್ಯುತ್ ಓವನ್‌ಗಳಲ್ಲಿ) ಹಿಡಿಸುವುದಿಲ್ಲ, ಹಿಡಿಸಿದರೂ ಒಳಗೆ ಬೇಯುವಷ್ಟರಲ್ಲಿ ಹೊರಗೆ ಒಣಗಿರುತ್ತದೆ. ಹೆಚ್ಚು ಜನರಿದ್ದರೆ ಒಂದು ದೊಡ್ಡದಕ್ಕಿಂತ ಎರಡು ಚಿಕ್ಕ ಹಕ್ಕಿಗಳು ಮೇಲು.

ಕೊಳ್ಳುವ ಮೊದಲು ಓವನ್ ಅಳೆಯುವುದು ಕಡ್ಡಾಯ. ಐದು ಕಿಲೋ ಹಕ್ಕಿಗೆ 50ರಿಂದ 60 ಲೀಟರಿನ ಓಟಿಜಿ ಬೇಕು, ಮತ್ತು ಟ್ರೇಯಲ್ಲಿ ಇಟ್ಟ ಹಕ್ಕಿಗೂ ಮೇಲಿನ ರಾಡ್‌ಗೂ ನಡುವೆ ಕನಿಷ್ಠ ನಾಲ್ಕು ಬೆರಳಿನ ಅಂತರವಿರಬೇಕು. ಮತ್ತೊಂದು ವರ್ಷದ ನಮ್ಮ ಪ್ರಯತ್ನದಲ್ಲಿ ಹಕ್ಕಿಯ ಎದೆ ರಾಡ್‌ಗೆ ತಾಗುವಷ್ಟು ಹತ್ತಿರವಿತ್ತು. ಇಪ್ಪತ್ತು ನಿಮಿಷದಲ್ಲಿ ಚರ್ಮ ಕಪ್ಪಾಗಿ ಮನೆಯೆಲ್ಲ ಹೊಗೆ ತುಂಬಿತು, ಕತ್ತರಿಸಿ ನೋಡಿದರೆ ತೊಡೆಯ ಸಂದಿಯಲ್ಲಿ ಇನ್ನೂ ಮಂಜುಗಡ್ಡೆಯಿತ್ತು. 28 ಅಥವಾ 30 ಲೀಟರಿನ ಮೈಕ್ರೋವೇವ್ ಕನ್ವೆಕ್ಷನ್ ಓವನ್ ಮಾತ್ರ ಇರುವವರು ಇಡೀ ಹಕ್ಕಿಯ ಆಸೆಯನ್ನು ಬಿಟ್ಟು, ಕಾಲುಗಳನ್ನು ತೊಡೆ ಸಮೇತ ಬೇರ್ಪಡಿಸಿ, ಎದೆಯನ್ನು ಮೂಳೆಯೊಂದಿಗೆ ಒಂದೇ ತುಂಡಾಗಿ ಉಳಿಸಿಕೊಂಡು, ಎರಡು ಸರದಿಯಲ್ಲಿ ಬೇಯಿಸುವುದು ಒಳ್ಳೆಯದು. ಮೇಜಿನ ಮೇಲಿನ ಅಂದ ಕಡಿಮೆಯಾಗುತ್ತದೆ, ಆದರೆ ರುಚಿಯ ದೃಷ್ಟಿಯಿಂದ ಅದು ಇಡೀ ಹಕ್ಕಿಗಿಂತ ಹೆಚ್ಚು ಸುಲಭವಾಗಿ ಹದಕ್ಕೆ ಬರುತ್ತದೆ.

ಪಟ್ಟಣದ ಕೋಲ್ಡ್ ಸ್ಟೋರೇಜ್ ಅಂಗಡಿಗಳಲ್ಲಿ ಸಿಗುವುದು ಹೆಪ್ಪುಗಟ್ಟಿಸಿದ ಹಕ್ಕಿ. ಹಬ್ಬಕ್ಕೆ ಎರಡು ಮೂರು ವಾರ ಮೊದಲೇ ಹೇಳಿಡಬೇಕಾಗುತ್ತದೆ. ಅದರ ಪೊಟ್ಟಣದ ಮೇಲೆ ಉಪ್ಪುನೀರು ಸೇರಿಸಲಾಗಿದೆ ಎಂದು ಬರೆದಿದ್ದರೆ ಮುಂದೆ ಹೇಳುವ ಉಪ್ಪಿನ ಪ್ರಮಾಣವನ್ನು ಅರ್ಧಕ್ಕಿಳಿಸಿ. ಕಾರ್ಕಳ, ಬೆಳ್ತಂಗಡಿ ಕಡೆಯ ತೋಟದ ಮನೆಗಳಲ್ಲಿ ಊರಕೋಳಿಗಳ ಜೊತೆ ನಾಲ್ಕಾರು ಟರ್ಕಿಗಳನ್ನು ಸಾಕುವವರೂ ಇದ್ದಾರೆ. ಅಲ್ಲಿಂದ ತರುವುದಾದರೆ ಐದಾರು ತಿಂಗಳ ಹೆಣ್ಣು ಹಕ್ಕಿಯನ್ನು ಕೇಳಿರಿ. ಜೀವಂತ ತೂಕದ ಸುಮಾರು ಮುಕ್ಕಾಲು ಭಾಗ ಮಾತ್ರ ಅಡುಗೆಗೆ ಉಳಿಯುತ್ತದೆ ಎಂಬುದು ನೆನಪಿರಲಿ. ಎದೆಮೂಳೆಯ ತುದಿ ಬೆರಳಿಗೆ ಬಾಗಿದರೆ ಎಳೆಯ ಹಕ್ಕಿ, ಕಲ್ಲಿನಂತಿದ್ದರೆ ಬಲಿತದ್ದು. ಬಲಿತ ಹಕ್ಕಿ ಸುಕ್ಕಕ್ಕೆ, ಅಂದರೆ ತೆಂಗಿನತುರಿಯ ಒಣ ಪಲ್ಯಕ್ಕೆ, ಉತ್ತಮ, ರೋಸ್ಟ್‌ಗೆ ಅಲ್ಲ.

ಊರಿನಲ್ಲಿ ಕೊಯ್ಯಿಸುವಾಗ ಒಂದು ಮಾತನ್ನು ಎರಡು ಬಾರಿ ಹೇಳಬೇಕು: ಚರ್ಮ ತೆಗೆಯಬಾರದು. ನಮ್ಮ ಕಡೆಯ ಕೋಳಿ ಅಂಗಡಿಗಳಲ್ಲಿ ಚರ್ಮ ಸುಲಿದು ಕೊಡುವುದು ರೂಢಿಯಾಗಿಬಿಟ್ಟಿರುವುದರಿಂದ, ಹೇಳದಿದ್ದರೆ ಕೈಗೆ ಬರುವುದು ಚರ್ಮವಿಲ್ಲದ ಹಕ್ಕಿ, ಮತ್ತು ಅದನ್ನು ರೋಸ್ಟ್ ಮಾಡಲು ಯಾವ ಉಪಾಯವೂ ಇಲ್ಲ. ಬಿಸಿನೀರಿನಲ್ಲಿ ಅದ್ದಿ ಪುಕ್ಕ ಕಿತ್ತು, ಹೊಟ್ಟೆಯ ಕೆಳಭಾಗದಲ್ಲಿ ಮಾತ್ರ ಸೀಳಿ ಒಳಗನ್ನು ತೆಗೆದು, ಕುತ್ತಿಗೆ, ಗುಂಡಿಗೆ ಮತ್ತು ಲಿವರನ್ನು ಬೇರೆಯಾಗಿ ಕೊಡಲು ಹೇಳಿರಿ. ಪಾದ ಕತ್ತರಿಸುವಾಗ ಕಾಲಿನ ಕೆಳಭಾಗದ ಗಟ್ಟಿ ನರಗಳನ್ನು ಎಳೆದು ತೆಗೆಯಲು ಸಾಧ್ಯವಾದರೆ ಇನ್ನೂ ಒಳ್ಳೆಯದು. ಟರ್ಕಿಯಲ್ಲಿ ಇವು ಮೂಳೆಯಷ್ಟು ಗಡುಸಾಗಿದ್ದು, ಎಷ್ಟು ಬೇಯಿಸಿದರೂ ಮೆದುವಾಗುವುದಿಲ್ಲ. ಕೊಯ್ದ ದಿನವೇ ಬೇಯಿಸಬಾರದು. ಪ್ರಾಣ ಹೋದ ಮೇಲೆ ಸೆಟೆದುಕೊಂಡ ಮಾಂಸ ಸಡಿಲವಾಗಲು ಒಂದು ಇಡೀ ದಿನ ಫ್ರಿಜ್ಜಿನಲ್ಲಿರಬೇಕು.

ಈ ಹಕ್ಕಿ ನಮ್ಮ ಪಶ್ಚಿಮ ಕರಾವಳಿಗೆ ಹೊಸದಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಮೆಕ್ಸಿಕೋದಲ್ಲಿ ಸಾಕುಹಕ್ಕಿಯಾಗಿದ್ದ ಇದನ್ನು ಸ್ಪೇನಿನವರು 16ನೇ ಶತಮಾನದಲ್ಲಿ ಯುರೋಪಿಗೆ ಒಯ್ದರು. ಪೋರ್ಚುಗೀಸರು ಇದನ್ನು ಪೆರು ಎಂದು ಕರೆದರು. 1612ರಲ್ಲಿ ಮುಕರ್ರಬ್ ಖಾನ್ ಎಂಬ ಅಧಿಕಾರಿ ಗೋವಾದಿಂದ ತಂದ ಅಪರೂಪದ ಪ್ರಾಣಿಗಳಲ್ಲಿ ಒಂದು ಟರ್ಕಿ ಹುಂಜವೂ ಇತ್ತು, ಮತ್ತು ಬಾದಶಹ ಜಹಾಂಗೀರ್ ಅದರ ಬಣ್ಣ ಬದಲಿಸುವ ತಲೆ ಕುತ್ತಿಗೆಗಳನ್ನು ಬೆರಗಿನಿಂದ ತನ್ನ ದಿನಚರಿಯಲ್ಲಿ ವರ್ಣಿಸಿದ್ದಾನೆ. ಅವನ ಆಸ್ಥಾನದ ಚಿತ್ರಕಾರ ಮನ್ಸೂರ್ ಬರೆದ ಟರ್ಕಿಯ ಚಿತ್ರ ಇಂದಿಗೂ ಪ್ರಸಿದ್ಧವಾಗಿದೆ.

ಹೆಪ್ಪು ಬಿಡಿಸುವುದು

ಬೇರೆ ಯಾವ ಹಂತದಲ್ಲಿ ಅವಸರಪಟ್ಟರೂ ಇಲ್ಲಿ ಪಡಬಾರದು. ಹೆಪ್ಪುಗಟ್ಟಿದ ಹಕ್ಕಿ ಫ್ರಿಜ್ಜಿನ ಕೆಳಗಿನ ಅಂಕಣದಲ್ಲಿ, ನೀರು ಸೋರಿದರೆ ಹಿಡಿಯುವ ಅಗಲವಾದ ಪಾತ್ರೆಯಲ್ಲಿ ಕುಳಿತು ಕರಗಬೇಕು. ಎರಡರಿಂದ ಎರಡೂಕಾಲು ಕಿಲೋ ತೂಕಕ್ಕೆ 24 ಗಂಟೆ ಎಂಬ ಲೆಕ್ಕದಲ್ಲಿ ಐದು ಕಿಲೋ ಹಕ್ಕಿಗೆ ಎರಡೂವರೆ ದಿನ ಹಿಡಿಯುತ್ತದೆ. ಅಡುಗೆಮನೆಯ ಕಟ್ಟೆಯ ಮೇಲೆ ರಾತ್ರಿಯಿಡೀ ಇಟ್ಟು ಕರಗಿಸುವ ಅಭ್ಯಾಸ ಬೇಡವೇ ಬೇಡ. ಡಿಸೆಂಬರಿನಲ್ಲಿಯೂ ಮಂಗಳೂರಿನ ಹಗಲಿನ ತಾಪ 32 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ, ರಾತ್ರಿಯೂ 20ಕ್ಕಿಂತ ಕೆಳಗಿಳಿಯುವುದು ಅಪರೂಪ. 5ರಿಂದ 60 ಡಿಗ್ರಿಯ ನಡುವೆ ರೋಗಾಣುಗಳು ಬೇಗ ಬೇಗ ಹೆಚ್ಚುವುದರಿಂದ, ಒಳಗಿನ ಮಂಜು ಕರಗುವ ಮೊದಲೇ ಹೊರಗಿನ ಮಾಂಸ ಕೆಡಲು ತೊಡಗಿರುತ್ತದೆ.

ತಡವಾಗಿ ತಂದವರಿಗೆ ತಣ್ಣೀರಿನ ದಾರಿಯಿದೆ. ಪೊಟ್ಟಣ ಒಡೆಯದೆ ಹಕ್ಕಿಯನ್ನು ದೊಡ್ಡ ಬಕೆಟ್ಟಿನ ತಣ್ಣೀರಿನಲ್ಲಿ ಮುಳುಗಿಸಿ, ಅರ್ಧ ಗಂಟೆಗೊಮ್ಮೆ ನೀರು ಬದಲಿಸುತ್ತಿರಬೇಕು. ಅರ್ಧ ಕಿಲೋಗೆ ಅರ್ಧ ಗಂಟೆಯಂತೆ ಐದು ಕಿಲೋಗೆ ಐದು ಗಂಟೆಗೂ ಮೇಲೆ ಬೇಕು. ನಮ್ಮ ನಲ್ಲಿ ನೀರು, ಬಾವಿ ನೀರು ಎರಡೂ ಉಗುರು ಬೆಚ್ಚಗಿರುವುದರಿಂದ ಪ್ರತಿ ಬಾರಿಯೂ ಒಂದಿಷ್ಟು ಮಂಜುಗಡ್ಡೆ ಹಾಕಬೇಕಾಗುತ್ತದೆ. ಹೀಗೆ ಕರಗಿಸಿದ ಹಕ್ಕಿಯನ್ನು ಅಂದೇ ಬೇಯಿಸಬೇಕು, ಅಂದರೆ ಉಪ್ಪು ಹಚ್ಚಿಡುವ ಎರಡು ದಿನ ಕೈತಪ್ಪುತ್ತವೆ. ಆದ್ದರಿಂದ ಇದು ತುರ್ತಿಗೆ ಮಾತ್ರ.

ಕರಗಿದ ಮೇಲೆ ಹೊಟ್ಟೆಯೊಳಗೂ ಕುತ್ತಿಗೆಯ ಸಂದಿಯಲ್ಲಿಯೂ ಕೈಹಾಕಿ ನೋಡಿರಿ. ಕುತ್ತಿಗೆ, ಗುಂಡಿಗೆ ಮುಂತಾದವುಗಳ ಪೊಟ್ಟಣವೊಂದು ಸಾಮಾನ್ಯವಾಗಿ ಅಲ್ಲಿರುತ್ತದೆ. ಅದನ್ನು ತೆಗೆದು ಗ್ರೇವಿಗೆ ಇಟ್ಟುಕೊಳ್ಳಿ.

ನಾವು ಕೋಳಿಯನ್ನು ಅರಿಶಿನ ಹಾಕಿ ನಾಲ್ಕು ನೀರಿನಲ್ಲಿ ತೊಳೆಯುವವರು, ಹಾಗಾಗಿ ಮುಂದಿನ ಮಾತು ಹಿರಿಯರಿಗೆ ಒಪ್ಪಿಗೆಯಾಗಲಿಕ್ಕಿಲ್ಲ, ಆದರೂ ಹೇಳುತ್ತೇನೆ. ಪೊಟ್ಟಣದಲ್ಲಿ ಬಂದ ಹಕ್ಕಿಯನ್ನು ತೊಳೆಯಬೇಡಿ. ನಲ್ಲಿಯ ಕೆಳಗೆ ಹಿಡಿದಾಗ ಸಿಡಿಯುವ ಹನಿಗಳೊಂದಿಗೆ ಹಸಿಮಾಂಸದ ರೋಗಾಣುಗಳು ಸಿಂಕಿನ ಸುತ್ತಲಿನ ಪಾತ್ರೆ, ತರಕಾರಿಗಳ ಮೇಲೆ ಹರಡುತ್ತವೆ. ಅವುಗಳನ್ನು ನಿಜವಾಗಿ ಕೊಲ್ಲುವುದು ಓವನ್‌ನ ಶಾಖ. ಮೇಲಾಗಿ ಒದ್ದೆಯಾದ ಚರ್ಮ ಗರಿಗರಿಯಾಗುವುದಿಲ್ಲ. ಹೊಸದಾಗಿ ಕೊಯ್ಯಿಸಿ ತಂದ ಹಕ್ಕಿಗೆ ರಕ್ತ, ಪುಕ್ಕ ಅಂಟಿಕೊಂಡಿದ್ದರೆ, ತುಂಬಿದ ಪಾತ್ರೆಯ ನೀರಿನಲ್ಲಿ ಸಿಡಿಯದಂತೆ ಮೆಲ್ಲನೆ ತೊಳೆದು, ಬಳಿಕ ಸಿಂಕನ್ನೂ ಕೈಗಳನ್ನೂ ಸಾಬೂನಿನಿಂದ ಚೆನ್ನಾಗಿ ಉಜ್ಜಿ ತೊಳೆಯಿರಿ. ಎರಡೂ ಸಂದರ್ಭಗಳಲ್ಲಿ ಹಕ್ಕಿಯ ಒಳಗನ್ನೂ ಹೊರಗನ್ನೂ ಒಣಬಟ್ಟೆ ಅಥವಾ ಕಾಗದದಿಂದ ಒರಸಿ ಒಣಗಿಸಬೇಕು.

ಉಪ್ಪು

ಎಲ್ಲಕ್ಕಿಂತ ಮುಖ್ಯವಾದ ಹಂತ ಇದೇ, ಮತ್ತು ಇದಕ್ಕೆ ಬೇಕಾಗುವುದು ಉಪ್ಪು ಮತ್ತು ಸಮಯ ಮಾತ್ರ. ಕಿಲೋಗೆ 12 ಗ್ರಾಮಿನಂತೆ, ಐದು ಕಿಲೋ ಹಕ್ಕಿಗೆ 60 ಗ್ರಾಮ್ ಉಪ್ಪನ್ನು ತೂಗಿ ತೆಗೆದುಕೊಳ್ಳಿ. ಚಮಚದ ಅಳತೆ ಇಲ್ಲಿ ಮೋಸ ಮಾಡುತ್ತದೆ, ಏಕೆಂದರೆ ಕಲ್ಲುಪ್ಪು, ಕುಟ್ಟಿದ ಉಪ್ಪು, ಪ್ಯಾಕೆಟ್ಟಿನ ನುಣುಪಾದ ಉಪ್ಪು ಒಂದೇ ಚಮಚದಲ್ಲಿ ಬೇರೆ ಬೇರೆ ತೂಗುತ್ತವೆ. ಅದಕ್ಕೆ ಎರಡು ಚಮಚ ತರಿಯಾಗಿ ಕುಟ್ಟಿದ ಕಾಳುಮೆಣಸು ಸೇರಿಸಿ. ಒಂದು ಪಾಲನ್ನು ಹೊಟ್ಟೆಯೊಳಗೆ ಸವರಿ, ದೊಡ್ಡ ಪಾಲನ್ನು ಎದೆ ಮತ್ತು ತೊಡೆಗಳ ಮೇಲೆ ಸಮನಾಗಿ ಉದುರಿಸಿ, ಉಳಿದುದನ್ನು ಬೆನ್ನಿಗೂ ರೆಕ್ಕೆಗೂ ಹಚ್ಚಿರಿ. ಎದೆಯ ಚರ್ಮವನ್ನು ಕುತ್ತಿಗೆಯ ಕಡೆಯಿಂದ ಬೆರಳುಗಳಿಂದ ಮೆಲ್ಲನೆ ಸಡಿಲಿಸಿ, ಹರಿಯದಂತೆ, ಒಳಗೆ ನೇರವಾಗಿ ಮಾಂಸಕ್ಕೂ ಸ್ವಲ್ಪ ಹಚ್ಚಿದರೆ ಇನ್ನೂ ಚೆನ್ನ. ನಂತರ ಹಕ್ಕಿಯನ್ನು ಮುಚ್ಚದೆ, ಜಾಲರಿಯ ಮೇಲೆ, ಎರಡು ದಿನ ಫ್ರಿಜ್ಜಿನಲ್ಲಿಡಿ.

ಮೊದಲ ಕೆಲವು ಗಂಟೆಗಳಲ್ಲಿ ಉಪ್ಪು ಮಾಂಸದಿಂದ ನೀರನ್ನು ಹೊರಗೆಳೆಯುತ್ತದೆ, ಚರ್ಮದ ಮೇಲೆ ಹನಿಗಳು ಕಾಣಿಸುತ್ತವೆ. ಇದನ್ನು ಕಂಡು ಗಾಬರಿಯಾಗಿ ಒರಸಬಾರದು. ಆ ನೀರಿನಲ್ಲಿಯೇ ಉಪ್ಪು ಕರಗಿ, ಮರುದಿನದ ಹೊತ್ತಿಗೆ ಮತ್ತೆ ಮಾಂಸದೊಳಕ್ಕೆ ಇಳಿಯುತ್ತದೆ. ಒಳಗೆ ಹೋದ ಉಪ್ಪು ಮಾಂಸದ ಪ್ರೋಟೀನ್ ಎಳೆಗಳನ್ನು ಸಡಿಲಗೊಳಿಸುವುದರಿಂದ, ಬೇಯುವಾಗ ಅವು ಮೊದಲಿನಷ್ಟು ಬಿಗಿದುಕೊಳ್ಳುವುದಿಲ್ಲ, ನೀರನ್ನು ಮೊದಲಿನಷ್ಟು ಹಿಂಡಿ ಹಾಕುವುದೂ ಇಲ್ಲ. ಇನ್ನೊಂದು ಕಡೆ, ಮುಚ್ಚದೆ ಇಟ್ಟದ್ದರಿಂದ ಫ್ರಿಜ್ಜಿನ ಒಣಗಾಳಿ ಚರ್ಮವನ್ನು ಕಾಗದದಂತೆ ಒಣಗಿಸುತ್ತದೆ. ನಮ್ಮ ಕರಾವಳಿಯ ಗಾಳಿಯ ತೇವದಲ್ಲಿ ಹೊರಗೆ ಎಷ್ಟು ಹೊತ್ತು ಇಟ್ಟರೂ ಈ ಕೆಲಸ ಆಗದು. ಉಪ್ಪುನೀರಿನ ಬಕೆಟ್ಟಿನಲ್ಲಿ ಹಕ್ಕಿಯನ್ನು ಮುಳುಗಿಸಿಡುವ ಪದ್ಧತಿಯೂ ಇದೆ. ಆದರೆ ಹತ್ತು ಲೀಟರಿನ ಬಕೆಟ್ಟನ್ನು ಹಬ್ಬದ ವಾರದಲ್ಲಿ ಫ್ರಿಜ್ಜಿನೊಳಗೆ ಇಡುವ ಜಾಗ ಯಾರ ಮನೆಯಲ್ಲಿದೆ?

ಮೊಸರು, ಮೆಣಸಿನ ಅರಪ್ಪು (ಅರೆದ ಮಸಾಲೆ) ಇವುಗಳಲ್ಲಿ ನೆನೆಸುವುದರ ಬಗ್ಗೆ ಅನೇಕರು ಕೇಳುತ್ತಾರೆ. ಬ್ಯಾಡಗಿ ಮೆಣಸಿನ ಅರಪ್ಪನ್ನು ಚರ್ಮದ ಮೇಲೆ ದಪ್ಪವಾಗಿ ಬಳಿದರೆ, ಮೂರು ಗಂಟೆಯ ಒಣ ಶಾಖದಲ್ಲಿ ಅದು ಕರಟಿ ಕಹಿಯಾಗುತ್ತದೆ, ಕೆಳಗಿನ ಚರ್ಮ ಆವಿಯಲ್ಲಿ ಬೆಂದು ಜೋತುಬೀಳುತ್ತದೆ. ಮಸಾಲೆಗೆ ಸರಿಯಾದ ಜಾಗ ಚರ್ಮದ ಅಡಿ. ನೂರು ಗ್ರಾಮ್ ತುಪ್ಪಕ್ಕೆ ಎರಡು ಚಮಚ ಬಫಾತ್ ಪುಡಿ, ಅರೆದ ಎಂಟು ಎಸಳು ಬೆಳ್ಳುಳ್ಳಿ, ಒಂದು ಇಂಚು ಶುಂಠಿಯನ್ನು ಬೆರೆಸಿ, ಉಪ್ಪು ಹಾಕದೆ, ಫ್ರಿಜ್ಜಿನಲ್ಲಿ ಹೆಪ್ಪಾಗಿಸಿಕೊಳ್ಳಿ. ನಮ್ಮ ಹಗಲಿನ ಸೆಕೆಯಲ್ಲಿ ಕರಗಿ ನಿಂತ ತುಪ್ಪವನ್ನು ಚರ್ಮದ ಅಡಿಗೆ ತುಂಬಲು ಹೋದರೆ ಎಲ್ಲವೂ ಹರಿದುಹೋಗುತ್ತದೆ. ಓವನ್‌ಗೆ ಇಡುವ ಮೊದಲು ಇದರ ಮುಕ್ಕಾಲು ಭಾಗವನ್ನು ಎದೆಯ ಚರ್ಮದ ಅಡಿಯಲ್ಲಿ ಹರಡಿ, ಉಳಿದುದನ್ನು ಗ್ರೇವಿಗೆ ಇಟ್ಟುಕೊಳ್ಳಿ. ಚರ್ಮದ ಮೇಲ್ಭಾಗಕ್ಕೆ ಬರಿಯ ತುಪ್ಪ ಸವರಿದರೆ ಸಾಕು. ಬೆಣ್ಣೆಗಿಂತ ತುಪ್ಪವನ್ನು ನಾನು ಹೆಚ್ಚು ಮೆಚ್ಚುವುದು ಬೆಣ್ಣೆಯಲ್ಲಿ ಸುಮಾರು ಆರನೆಯ ಒಂದು ಭಾಗ ನೀರಿರುವುದರಿಂದ, ಮತ್ತು ಅದರ ಹಾಲಿನ ಅಂಶ ಬೇಗ ಕಪ್ಪಾಗುವುದರಿಂದ.

ಹಬ್ಬದ ಬೆಳಿಗ್ಗೆ

ಮಧ್ಯಾಹ್ನ ಒಂದು ಗಂಟೆಗೆ ಊಟವೆಂದು ಇಟ್ಟುಕೊಂಡರೆ ಲೆಕ್ಕ ಹೀಗೆ ಬರುತ್ತದೆ. ಡಿಸೆಂಬರ್ 20ರ ಬೆಳಿಗ್ಗೆ ಫ್ರೀಜರಿನಿಂದ ಫ್ರಿಜ್ಜಿಗೆ. 22ರ ರಾತ್ರಿ ಅಥವಾ 23ರ ಬೆಳಿಗ್ಗೆ ಉಪ್ಪು. 24ರಂದು ಕುತ್ತಿಗೆ ಗುಂಡಿಗೆಗಳ ಸಾರನ್ನು ಬೇಯಿಸಿ ಸೋಸಿಟ್ಟು, ಆ ರಾತ್ರಿಯ ಪೂಜೆಗೆ ನಿಶ್ಚಿಂತೆಯಿಂದ ಹೋಗಿಬರಬಹುದು. 25ರ ಬೆಳಿಗ್ಗೆ ಎಂಟೂಮುಕ್ಕಾಲಿಗೆ ಓವನ್ ಕಾಯಿಸಲು ಶುರು, ಒಂಬತ್ತೂಕಾಲಿಗೆ ಹಕ್ಕಿ ಒಳಗೆ.

ದೊಡ್ಡ ಓಟಿಜಿ ಎರಡು ಸಾವಿರ ವಾಟ್ ಅಥವಾ ಅದಕ್ಕೂ ಹೆಚ್ಚು ವಿದ್ಯುತ್ ಎಳೆಯುತ್ತದೆ. ಅದನ್ನು ಗೋಡೆಯ 16 ಆಂಪಿಯರ್ ಸಾಕೆಟ್‌ಗೆ ನೇರವಾಗಿ ಜೋಡಿಸಿ, ಎಕ್ಸ್‌ಟೆನ್ಷನ್ ಬೋರ್ಡಿಗೆ ಅಲ್ಲ. ಅದೇ ಸಾಲಿನಲ್ಲಿ ಗೀಸರ್, ಮಿಕ್ಸಿ ಒಟ್ಟಿಗೆ ಓಡದಂತೆ ನೋಡಿಕೊಳ್ಳಿ. ನಡುವೆ ವಿದ್ಯುತ್ ಹೋದರೆ ಓವನ್‌ನ ಬಾಗಿಲು ತೆರೆಯದೆ ಕಾಯಿರಿ, ಅರ್ಧ ಗಂಟೆಯೊಳಗೆ ಬಂದರೆ ತೊಂದರೆಯಿಲ್ಲ. ಅದಕ್ಕಿಂತ ತಡವಾಗುವಂತಿದ್ದರೆ ಹಕ್ಕಿಯನ್ನು ತುಂಡು ಮಾಡಿ ಗ್ಯಾಸಿನ ಮೇಲೆ ದಪ್ಪ ತಳದ ಪಾತ್ರೆಯಲ್ಲಿ ಮುಚ್ಚಿ ಬೇಯಿಸಿಬಿಡಿ. ಅರೆಬೆಂದ ಮಾಂಸವನ್ನು ಬೆಚ್ಚಗಿನ ಓವನ್‌ನಲ್ಲಿ ಗಂಟೆಗಟ್ಟಲೆ ಬಿಡುವುದು ಅಪಾಯಕರ.

ಓವನ್‌ಅನ್ನು 165 ಡಿಗ್ರಿಗೆ ಹೊಂದಿಸಿ, ಮೇಲಿನ ಮತ್ತು ಕೆಳಗಿನ ಎರಡೂ ರಾಡ್‌ಗಳನ್ನು ಹಾಕಿ, ಅರ್ಧ ಗಂಟೆ ಕಾಯಿಸಿ. ಓಟಿಜಿಗಳ ತಿರುಗುಗುಂಡಿ ತೋರಿಸುವ ತಾಪಕ್ಕೂ ಒಳಗಿನ ನಿಜವಾದ ತಾಪಕ್ಕೂ ವ್ಯತ್ಯಾಸವಿರುವುದು ಸಾಮಾನ್ಯ. ಒಳಗೆ ತೂಗುಹಾಕುವ ಸಣ್ಣ ಓವನ್ ಥರ್ಮಾಮೀಟರ್ ಒಂದಿದ್ದರೆ ಈ ಅನುಮಾನ ಶಾಶ್ವತವಾಗಿ ಕಳೆಯುತ್ತದೆ. ಟ್ರೇಯ ತಳದಲ್ಲಿ ದಪ್ಪವಾಗಿ ಹೆಚ್ಚಿದ ಮೂರು ನೀರುಳ್ಳಿ, ಎರಡು ಕ್ಯಾರೆಟ್, ಒಂದು ಇಡೀ ಬೆಳ್ಳುಳ್ಳಿ ಹರಡಿ ಎರಡು ಲೋಟ ನೀರು ಹಾಕಿರಿ. ಇಳಿಯುವ ರಸ ಕರಟದಿರಲು ಈ ನೀರು. ಅದು ಆರಿದಂತೆ ಮತ್ತೆ ಹಾಕುತ್ತಿರಬೇಕು. ಮೇಲೆ ಜಾಲರಿ, ಜಾಲರಿಯ ಮೇಲೆ ಎದೆ ಮೇಲಾಗಿ ಹಕ್ಕಿ. ರೆಕ್ಕೆಯ ತುದಿಗಳನ್ನು ಬೆನ್ನಿನಡಿಗೆ ಮಡಚಿ, ಕಾಲುಗಳನ್ನು ದಾರದಿಂದ ಸಡಿಲವಾಗಿ ಮಾತ್ರ ಕಟ್ಟಿರಿ. ಬಿಗಿಯಾಗಿ ಕಟ್ಟಿದರೆ ತೊಡೆಯ ಒಳಸಂದಿಗೆ ಶಾಖ ತಲುಪಲು ತಡವಾಗಿ, ಅಷ್ಟು ಹೊತ್ತು ಎದೆ ಒಣಗುತ್ತದೆ. ಹೊಟ್ಟೆಯೊಳಗೆ ಒಂದು ನೀರುಳ್ಳಿ, ಅರ್ಧ ನಿಂಬೆ, ಒಂದು ಕಡ್ಡಿ ದಾಲ್ಚಿನ್ನಿ ಇಟ್ಟರೆ ಸಾಕು. ಬ್ರೆಡ್ಡಿನ ಅಥವಾ ಅನ್ನದ ಹೂರಣವನ್ನು ಒಳಗೆ ತುಂಬುವುದನ್ನು ನಾನು ಒಪ್ಪುವುದಿಲ್ಲ. ಹಸಿಮಾಂಸದ ರಸ ಕುಡಿದ ಹೂರಣದ ನಡುಭಾಗವೂ 74 ಡಿಗ್ರಿ ಮುಟ್ಟಬೇಕು, ಅದು ಮುಟ್ಟುವವರೆಗೆ ಕಾದರೆ ಎದೆಮಾಂಸ ಕೈಬಿಟ್ಟು ಹೋಗಿರುತ್ತದೆ. ಹೂರಣ ಬೇಕಾದವರು ಬೇರೆ ಪಾತ್ರೆಯಲ್ಲಿ ಬೇಯಿಸಿಕೊಳ್ಳಲಿ.

ಈ ತಾಪದಲ್ಲಿ ಕಿಲೋಗೆ ಅರ್ಧ ಗಂಟೆಗಿಂತ ಸ್ವಲ್ಪ ಹೆಚ್ಚೆಂದು ಹಿಡಿದರೆ ಐದು ಕಿಲೋ ಹಕ್ಕಿಗೆ ಎರಡೂಮುಕ್ಕಾಲರಿಂದ ಮೂರು ಗಂಟೆ ಬೇಕು. ಓಟಿಜಿಯ ಹಿಂಭಾಗ ಮುಂಭಾಗಗಳ ಶಾಖ ಒಂದೇ ಸಮನಿರದ ಕಾರಣ ಮುಕ್ಕಾಲು ಗಂಟೆಗೊಮ್ಮೆ ಟ್ರೇಯನ್ನು ತಿರುಗಿಸಿ, ಆದರೆ ರಸ ಸವರುವ ನೆಪದಲ್ಲಿ ಹತ್ತು ಹತ್ತು ನಿಮಿಷಕ್ಕೆ ಬಾಗಿಲು ತೆರೆಯಬೇಡಿ. ಪ್ರತಿ ಬಾರಿಯೂ ಸಣ್ಣ ಓವನ್‌ನ ಶಾಖವೆಲ್ಲ ಹೊರಬರುತ್ತದೆ, ಸವರಿದ ರಸ ಚರ್ಮವನ್ನು ಒದ್ದೆ ಮಾಡುವುದನ್ನು ಬಿಟ್ಟರೆ ಮಾಂಸದೊಳಕ್ಕೆ ಹೋಗುವುದೇ ಇಲ್ಲ. ಎದೆಯ ಬಣ್ಣ ಗಾಢ ಹೊನ್ನಿನಂತಾದ ಕೂಡಲೇ, ಸುಮಾರು ಒಂದೂವರೆ ಗಂಟೆಯ ಹೊತ್ತಿಗೆ, ಎದೆಯ ಮೇಲೆ ಮಾತ್ರ ಫಾಯಿಲ್ ಹೊದಿಸಿ. ಕಾಲು ತೊಡೆಗಳು ತೆರೆದೇ ಇರಲಿ. ಎರಡರ ಬೇಯುವ ವೇಗವನ್ನು ಸರಿದೂಗಿಸಲು ಇದೇ ಸರಳ ದಾರಿ.

ಎರಡೂಕಾಲು ಗಂಟೆ ಕಳೆದ ಮೇಲೆ ಥರ್ಮಾಮೀಟರ್ ಹಿಡಿದು ನಿಲ್ಲಿ. ಮಾಂಸಕ್ಕೆ ಚುಚ್ಚುವ ಡಿಜಿಟಲ್ ಥರ್ಮಾಮೀಟರಿಗೆ ಆಗುವ ಖರ್ಚು ಒಂದು ಹಕ್ಕಿಯ ಬೆಲೆಯ ಮುಂದೆ ಏನೂ ಅಲ್ಲ, ಮತ್ತು ಈ ಅಡುಗೆಗೆ ಅದಿಲ್ಲದೆ ಕೈಹಾಕಬೇಡಿ ಎಂದೇ ನಾನು ಹೇಳುವುದು. ಎದೆಯ ಅತಿ ದಪ್ಪ ಭಾಗದಲ್ಲಿ ಒಮ್ಮೆ, ತೊಡೆ ಮೈಗೆ ಸೇರುವ ಕಡೆಯ ದಪ್ಪಮಾಂಸದಲ್ಲಿ ಇನ್ನೊಮ್ಮೆ, ಮೂಳೆಗೆ ತಾಗದಂತೆ ಚುಚ್ಚಿರಿ. ಎದೆ 74 ಡಿಗ್ರಿ, ತೊಡೆ 78ರಿಂದ 80 ತೋರಿಸಿದರೆ ಹೊರಗೆ ತೆಗೆಯಿರಿ. ಎದೆ 74ಕ್ಕೆ ಬಂದು ತೊಡೆ ಇನ್ನೂ 70ರಲ್ಲಿದ್ದರೆ, ಎರಡೂ ಕಾಲುಗಳನ್ನು ತೊಡೆ ಸಮೇತ ಕತ್ತರಿಸಿ ಅವನ್ನು ಮಾತ್ರ ಮತ್ತೆ ಓವನ್‌ಗೆ ಇಡಿ. ಅದರಲ್ಲಿ ಸಂಕೋಚವೇನೂ ಬೇಡ. ಚುಚ್ಚಿದಾಗ ಬರುವ ರಸದ ಬಣ್ಣ ನೋಡಿ ತೀರ್ಮಾನಿಸುವ ಹಳೆಯ ಕ್ರಮವನ್ನು ನಂಬಬೇಡಿ. ಎಳೆಯ ಹಕ್ಕಿಯಲ್ಲಿ ಪೂರ್ತಿ ಬೆಂದ ಮೇಲೂ ಮೂಳೆಯ ಹತ್ತಿರ ಗುಲಾಬಿ ಛಾಯೆ ಉಳಿಯುವುದುಂಟು.

ಹೊರತೆಗೆದ ಹಕ್ಕಿಯನ್ನು ಸಡಿಲವಾಗಿ ಫಾಯಿಲ್ ಹೊದಿಸಿ 30ರಿಂದ 40 ನಿಮಿಷ ಮುಟ್ಟದೆ ಇಡಿ. ಬಿಸಿಯಾದ ರಸ ತಣಿಯುತ್ತ ಮಂದವಾಗಿ ಮಾಂಸದಲ್ಲಿಯೇ ನಿಲ್ಲುತ್ತದೆ; ಹೊರತೆಗೆದ ಕೂಡಲೇ ಕತ್ತರಿಸಿದರೆ ಹಲಗೆಯ ಮೇಲೆ ಹರಿಯುತ್ತದೆ. ಓವನ್ ಬಿಡುವಾಗುವ ಈ ಹೊತ್ತಿನಲ್ಲಿ ಗ್ರೇವಿ ಮಾಡಿಕೊಳ್ಳಬಹುದು. ಟ್ರೇಯ ರಸವನ್ನು ಸೋಸಿ, ಮೇಲೆ ತೇಲುವ ಕೊಬ್ಬಿನಿಂದ ಮೂರು ದೊಡ್ಡ ಚಮಚ ತೆಗೆದು ಬಾಣಲೆಯಲ್ಲಿ ಕಾಯಿಸಿ, ಅಷ್ಟೇ ಮೈದಾವನ್ನು ಅದರಲ್ಲಿ ಕಂದುಬಣ್ಣ ಬರುವವರೆಗೆ ಹುರಿದು, ಉಳಿಸಿಟ್ಟ ಮಸಾಲೆ ತುಪ್ಪ, ಟ್ರೇಯ ರಸ ಮತ್ತು ಹಿಂದಿನ ದಿನದ ಸಾರು ಸೇರಿ ಮುಕ್ಕಾಲು ಲೀಟರಿನಷ್ಟನ್ನು ಸ್ವಲ್ಪಸ್ವಲ್ಪವಾಗಿ ಹಾಕುತ್ತ ಕುದಿಸಿ. ಕೊನೆಗೆ ಒಂದು ಚಮಚ ವಿನೆಗರ್. ತಿಂದು ನೋಡಿದ ಮೇಲೆಯೇ ಉಪ್ಪು ಹಾಕಿ, ಏಕೆಂದರೆ ಟ್ರೇಯ ರಸದಲ್ಲಿ ಈಗಾಗಲೇ ಸಾಕಷ್ಟಿರುತ್ತದೆ. ಸನ್ನವನ್ನು ಈ ಗ್ರೇವಿಯಲ್ಲಿ ಅದ್ದಿ ತಿಂದವರು ಆಲೂಗಡ್ಡೆಯ ಪಲ್ಯವನ್ನು ಕೇಳುವುದಿಲ್ಲ.

ಕತ್ತರಿಸುವಾಗ ಮೊದಲು ಕಾಲುಗಳನ್ನು ಕೀಲಿನಲ್ಲಿ ಬೇರ್ಪಡಿಸಿ, ತೊಡೆಯ ಮಾಂಸವನ್ನು ಮೂಳೆಯಿಂದ ಬಿಡಿಸಿ. ಎದೆಯನ್ನು ಹಕ್ಕಿಯ ಮೇಲೆಯೇ ತೆಳುವಾಗಿ ಹೆರೆಯುವ ಬದಲು, ಎದೆಮೂಳೆಯ ಪಕ್ಕದಲ್ಲಿ ಕತ್ತಿ ಇಳಿಸಿ ಒಂದೊಂದು ಪಕ್ಕವನ್ನು ಇಡಿಯಾಗಿ ತೆಗೆದು, ಹಲಗೆಯ ಮೇಲೆ ಎಳೆಗಳಿಗೆ ಅಡ್ಡವಾಗಿ ಬೆರಳ ದಪ್ಪದ ಹೋಳುಗಳಾಗಿ ಕೊಯ್ಯಿರಿ. ಪ್ರತಿ ಹೋಳಿಗೂ ಅಂಚಿನಲ್ಲಿ ಗರಿಗರಿಯಾದ ಚರ್ಮ ಬರುತ್ತದೆ.

ಉಳಿದ ಮಾಂಸವನ್ನು ಮಾತುಕತೆಯ ನಡುವೆ ಮೇಜಿನ ಮೇಲೆ ಸಂಜೆಯವರೆಗೆ ಬಿಡಬಾರದು. ಸಾಮಾನ್ಯವಾಗಿ ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಎಂದು ಹೇಳುತ್ತಾರೆ. ತಾಪ 32 ಡಿಗ್ರಿ ದಾಟಿದ ಕಡೆ ಆ ಅವಧಿ ಒಂದೇ ಗಂಟೆ, ಮತ್ತು ನಮ್ಮ ಡಿಸೆಂಬರಿನ ಮಧ್ಯಾಹ್ನ ಅಂಥದ್ದೇ. ಮೂಳೆಯಿಂದ ಬಿಡಿಸಿ, ಆಳವಿಲ್ಲದ ಡಬ್ಬಗಳಲ್ಲಿ ಹರಡಿ ಇಟ್ಟರೆ ಬೇಗ ತಣ್ಣಗಾಗುತ್ತದೆ, ಮೂರು ನಾಲ್ಕು ದಿನ ಚೆನ್ನಾಗಿರುತ್ತದೆ. ಮರುದಿನ ತೊಡೆಯ ಮಾಂಸವನ್ನು ಎಳೆ ಎಳೆಯಾಗಿ ಬಿಡಿಸಿ, ತೆಂಗಿನತುರಿ ಹಾಕಿ ಸುಕ್ಕ ಮಾಡಿ. ಮೂಳೆಗಳನ್ನು ಕುಕ್ಕರಿನಲ್ಲಿ ಒಂದು ಗಂಟೆ ಬೇಯಿಸಿದರೆ ಬರುವ ಸಾರಿಗೆ ತೆಂಗಿನಹಾಲು ಮತ್ತು ಉಳಿದ ಗ್ರೇವಿ ಸೇರಿಸಿ, ಕೋರಿ ರೊಟ್ಟಿಯ (ಅಕ್ಕಿಯ ತೆಳುವಾದ ಗರಿಗರಿ ರೊಟ್ಟಿಯ) ಮೇಲೆ ಬಿಸಿಯಾಗಿ ಹೊಯ್ದು ಬಡಿಸಿರಿ.